‘ಅನ್ನಮಯ್ಯ’ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

1997ರ ತೆಲುಗು ಚಿತ್ರ ‘ಅನ್ನಮಯ್ಯ’ ಟೀವಿಯಲ್ಲಿ ಬಂದ ದಿನ, ತೆಲುಗು ಅಷ್ಟಾಗಿ ಬಾರದ ಮನೆಗಳಲ್ಲೂ ಅದನ್ನು ಕೊನೆಯವರೆಗೆ ನೋಡುತ್ತಾರೆ. ನೋಡಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಇದೆಲ್ಲ ನಡೆದದ್ದೇ? ಹಾಡುಗಳೆಲ್ಲ ಸಂತಕವಿ ಅನ್ನಮಾಚಾರ್ಯರವೇ? ನಮ್ಮ ಪುರಂದರದಾಸರಿಗೂ ಇವರಿಗೂ ಏನು ನಂಟು? ಅವುಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಚಿತ್ರದ ಕಥೆಯನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿರುವುದರಿಂದ, ಇನ್ನೂ ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಚಿತ್ರ ಮಾಡಿದವರು ಯಾರು?

ನಿರ್ದೇಶನ ಕೆ. ರಾಘವೇಂದ್ರ ರಾವ್, ಕಥೆ–ಚಿತ್ರಕಥೆ ಜೆ.ಕೆ. ಭಾರವಿ, ಸಂಗೀತ ಎಂ.ಎಂ. ಕೀರವಾಣಿ, ನಿರ್ಮಾಣ ವಿ. ದೊರಸ್ವಾಮಿ ರಾಜು. ಅನ್ನಮಯ್ಯನಾಗಿ ನಾಗಾರ್ಜುನ, ವೆಂಕಟೇಶ್ವರನಾಗಿ ಸುಮನ್, ಹೆಂಡತಿಯರಾಗಿ ರಮ್ಯಕೃಷ್ಣ ಮತ್ತು ಕಸ್ತೂರಿ, ಸಾಳುವ ನರಸಿಂಹನಾಗಿ ಮೋಹನ್ ಬಾಬು. ದೇವಿಯ ಪಾತ್ರದಲ್ಲಿ ಭಾನುಪ್ರಿಯಾ ಇದ್ದಾರೆ, ರಾಣಿಯಾಗಿ ರೋಜಾ. ಬಿಡುಗಡೆಯಾದದ್ದು 1997ರ ಮೇ ತಿಂಗಳಲ್ಲಿ.

ಆಗ ಈ ಹೆಸರುಗಳನ್ನು ಕೇಳಿ ಹಲವರು ಹುಬ್ಬೇರಿಸಿದ್ದರು. ನಾಗಾರ್ಜುನ ಹೊಡೆದಾಟದ ಮತ್ತು ಪ್ರೇಮಕಥೆಗಳ ನಾಯಕ. ರಾಘವೇಂದ್ರ ರಾವ್ ಎಂದರೆ ಹಾಡಿನಲ್ಲಿ ನಾಯಕಿಯ ಮೇಲೆ ಹೂವು, ಹಣ್ಣು ಸುರಿಸುವ ನಿರ್ದೇಶಕ ಎಂದೇ ಪ್ರಸಿದ್ಧಿ. ಅಂಥ ಜೋಡಿ 15ನೇ ಶತಮಾನದ ಸಂತಕವಿಯ ಕಥೆಗೆ ಕೈ ಹಾಕಿತ್ತು. ಚಿತ್ರದ ಮೊದಲರ್ಧದಲ್ಲಿ ಹೂವು ಹಣ್ಣುಗಳಿಗೇನೂ ಕೊರತೆಯಿಲ್ಲ ಎನ್ನಿ. ಆದರೆ ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಅದೇ ನಟ ನಾಮ, ತಂಬೂರಿ, ಮುಪ್ಪು ಎಲ್ಲವನ್ನೂ ನಂಬಿಸುತ್ತಾರೆ.

ನಿಜವಾದ ಅನ್ನಮಯ್ಯ ಯಾರು?

ತಾಳ್ಳಪಾಕ ಅನ್ನಮಾಚಾರ್ಯರು. ಹುಟ್ಟಿದ್ದು 1408ರಲ್ಲಿ, ಕಡಪ ಸೀಮೆಯ ರಾಜಂಪೇಟೆಯ ಬಳಿಯ ತಾಳ್ಳಪಾಕದಲ್ಲಿ. ತಂದೆ ನಾರಾಯಣ ಸೂರಿ, ತಾಯಿ ಲಕ್ಕಮಾಂಬ. ಸ್ಮಾರ್ತ ಮನೆತನದಲ್ಲಿ ಹುಟ್ಟಿ, ತಿರುಮಲದಲ್ಲಿ ಘನವಿಷ್ಣು ಎಂಬ ಯತಿಯಿಂದ ವೈಷ್ಣವ ದೀಕ್ಷೆ ಪಡೆದವರು. ಅಹೋಬಲದ ಆದಿವನ್ ಶಠಕೋಪ ಯತಿಗಳ ಬಳಿ ವೇದಾಂತ ಓದಿದವರು. ಹದಿನಾರನೆಯ ವಯಸ್ಸಿನಿಂದ ದಿನಕ್ಕೆ ಒಂದಕ್ಕೆ ಕಡಿಮೆಯಿಲ್ಲದಂತೆ ಪದ ಕಟ್ಟುತ್ತ ಬಂದರು ಎನ್ನುತ್ತದೆ ಪರಂಪರೆ. ಒಟ್ಟು 32,000 ಎಂಬುದು ಮನೆತನದವರ ಲೆಕ್ಕ, ಇಂದು ಕೈಗೆ ಸಿಕ್ಕಿರುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ತೀರಿಕೊಂಡದ್ದು 1503ರ ಫಾಲ್ಗುಣ ಬಹುಳ ದ್ವಾದಶಿಯಂದು. ‘ಪದಕವಿತಾ ಪಿತಾಮಹ’ ಎಂಬ ಬಿರುದು ಅವರಿಗೆ ಸಲ್ಲುತ್ತದೆ.

ಚಿತ್ರದ ಕಥೆಯಲ್ಲಿ ಎಷ್ಟು ನಿಜ?

ಬಹಳ ಮಂದಿ ಕೇಳುವ ಪ್ರಶ್ನೆ ಇದೇ. ಉತ್ತರಕ್ಕೆ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ‘ನಿಜ’ವನ್ನು ಯಾವುದರ ಪಕ್ಕದಲ್ಲಿಟ್ಟು ಅಳೆಯುವುದು ಎಂಬುದು ಮೊದಲು ತೀರ್ಮಾನವಾಗಬೇಕು. ಅನ್ನಮಾಚಾರ್ಯರ ಬದುಕಿನ ಬಗ್ಗೆ ನಮಗೆ ಇರುವ ಮುಖ್ಯ ಆಧಾರ ಅವರ ಮೊಮ್ಮಗ ಚಿನ್ನನ್ನ ದ್ವಿಪದಿಯಲ್ಲಿ ಬರೆದ ಚರಿತ್ರೆ. ಅದೂ ಭಕ್ತಿಯಿಂದ ಬರೆದದ್ದು, ಪವಾಡಗಳು ಅದರಲ್ಲೂ ಇವೆ. ಹಾಗಾಗಿ ಚಿತ್ರದಲ್ಲಿ ಪವಾಡ ಇದೆ ಎಂದು ದೂರುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು, ಮೊಮ್ಮಗ ಹೇಳಿದ ಕಥೆಗೂ ಸಿನಿಮಾ ಹೇಳಿದ ಕಥೆಗೂ ಇರುವ ದೂರ ಎಷ್ಟು ಎಂಬುದನ್ನು.

ಮೊಮ್ಮಗನ ಕಥೆಯಲ್ಲಿ ಅನ್ನಮಯ್ಯ ಇನ್ನೂ ಹುಡುಗ. ಹೊತ್ತು ಹೊತ್ತಿಗೆ ತಂಬೂರಿ ಹಿಡಿದು ಹಾಡುತ್ತ ಕೂರುವ ಹುಡುಗನನ್ನು ಮನೆಯವರು ಬೈದು, ದನಕ್ಕೆ ಹುಲ್ಲು ಕೊಯ್ದು ತಾ ಎಂದು ಕಳಿಸುತ್ತಾರೆ. ಹುಲ್ಲು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಗುತ್ತದೆ. ಆ ನೋವಿನಲ್ಲೇ ಯಾರಿಗೆ ಯಾರು ಎಂದುಕೊಂಡು, ಹಾದಿಯಲ್ಲಿ ಹೋಗುತ್ತಿದ್ದ ತಿರುಪತಿ ಯಾತ್ರಿಕರ ಗುಂಪನ್ನು ಸೇರಿಕೊಳ್ಳುತ್ತಾನೆ. ಬೆಟ್ಟ ಹತ್ತುವಾಗ ಮೊಣಕಾಲೂರಿ ಏರಬೇಕಾದ ಕಡಿದಾದ ಜಾಗದಲ್ಲಿ ಹಸಿವಿನಿಂದ ಸೋತು ಬಿದಿರಮೆಳೆಯ ಕೆಳಗೆ ಮಲಗಿಬಿಡುತ್ತಾನೆ. ಕನಸಿನಲ್ಲಿ ವೃದ್ಧ ಮುತ್ತೈದೆಯಾಗಿ ಬಂದ ಅಲಮೇಲುಮಂಗೆ, ಮಗು, ಚರ್ಮದ ಪಾದರಕ್ಷೆ ತೊಟ್ಟು ಈ ಸಾಲಗ್ರಾಮದ ಬೆಟ್ಟ ಹತ್ತಬಹುದೇ ಎಂದು ಕೇಳಿ, ಪ್ರಸಾದ ಉಣಿಸುತ್ತಾಳೆ. ಎದ್ದ ಹುಡುಗ ಮೊದಲು ಕಟ್ಟುವುದು ದೇವರ ಮೇಲಲ್ಲ, ಅನ್ನವಿಟ್ಟ ಆ ತಾಯಿಯ ಮೇಲೆ ಒಂದು ಶತಕ.

ಸಿನಿಮಾದಲ್ಲಿ ಅನ್ನಮಯ್ಯ ಬೆಳೆದ ಯುವಕ. ಇಬ್ಬರು ಮಾವನ ಮಗಳಂದಿರ ಚೆಲುವಿನಲ್ಲಿ ಮುಳುಗಿದ್ದಾನೆ. ವಿಷ್ಣು ಮಾರುವೇಷದಲ್ಲಿ ಬಂದು, ಇವರಿಗಿಂತ ಚೆಲುವ ಒಬ್ಬನಿದ್ದಾನೆ ಎಂದು ಕೆಣಕುತ್ತಾನೆ. ಚೆನ್ನಕೇಶವನ ಗುಡಿಯಲ್ಲಿ ಮೂರ್ತಿಯನ್ನು ಕಂಡ ಯುವಕ ಅಲ್ಲಿಂದ ಬೇರೆ ಮನುಷ್ಯನಾಗುತ್ತಾನೆ.

ಈ ತಿರುವನ್ನು ಕನ್ನಡದವರು ನೋಡುವಾಗ ಎಲ್ಲೋ ಕೇಳಿದ ಕಥೆ ಅನಿಸದೆ ಇರದು. ಲೌಕಿಕದಲ್ಲಿ ಮುಳುಗಿದ ಗಂಡಸು, ವೇಷ ಮರೆಸಿಕೊಂಡು ಬರುವ ದೇವರು, ಒಂದು ಪೆಟ್ಟು, ಆಮೇಲೆ ದಾಸತ್ವ: ಇದು ಶ್ರೀನಿವಾಸ ನಾಯಕ ಪುರಂದರದಾಸರಾದ ಕಥೆಯ ಅಚ್ಚು. ಚಿತ್ರಕಥೆ ಬರೆದವರು ಅಲ್ಲಿಂದಲೇ ಎತ್ತಿಕೊಂಡರು ಎಂದು ನಾನು ಹೇಳುತ್ತಿಲ್ಲ. ಭಕ್ತರ ಸಿನಿಮಾಗಳಿಗೆ ಬಹುಕಾಲದಿಂದ ಇರುವ ಅಚ್ಚೇ ಅದು. 1964ರ ‘ನವಕೋಟಿ ನಾರಾಯಣ’ದಲ್ಲಿ ರಾಜ್‌ಕುಮಾರ್ ಅವರ ಪುರಂದರದಾಸರಿಗೆ ಆ ಅಚ್ಚು ಒಪ್ಪಿತು, ಏಕೆಂದರೆ ಅದು ದಾಸರದೇ ಕಥೆ. ಅನ್ನಮಾಚಾರ್ಯರ ಬದುಕಿನಲ್ಲಿ ಅಂಥ ಹೊರಳುವಿಕೆ ಇಲ್ಲವೇ ಇಲ್ಲ. ಅವರು ಬಾಲ್ಯದಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ನಡೆದವರು. ಅದು ಸಿನಿಮಾಕ್ಕೆ ಕಷ್ಟದ ಸಂಗತಿ, ಒಪ್ಪೋಣ. ಆದರೂ ಹುಲ್ಲು, ಕುಡುಗೋಲು, ಹಸಿದ ಹುಡುಗನಿಗೆ ಅನ್ನವಿಟ್ಟ ಮುದುಕಿ, ಇಷ್ಟನ್ನು ಕೈಯಲ್ಲಿಟ್ಟುಕೊಂಡೂ ಎರವಲು ಅಚ್ಚಿಗೆ ಹೋದದ್ದು ಈ ಚಿತ್ರದ ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಭಕ್ತಿ ಚಿತ್ರದಲ್ಲಿ ಇಷ್ಟೊಂದು ಶೃಂಗಾರ ಏಕೆ?

ಶೃಂಗಾರ ಇದೆ ಎಂಬುದಕ್ಕೆ ಆಕ್ಷೇಪಿಸುವವರು ಅನ್ನಮಾಚಾರ್ಯರನ್ನು ಓದಿಲ್ಲ. ಅವರ ಪದಗಳನ್ನು ತಾಮ್ರದ ಹಾಳೆಗಳಲ್ಲಿ ಕೊರೆಸಿದ ಮನೆಯವರೇ ಅಧ್ಯಾತ್ಮ, ಶೃಂಗಾರ ಎಂದು ಎರಡು ಪಾಲು ಮಾಡಿದ್ದಾರೆ. ಅದರಲ್ಲಿ ದೊಡ್ಡ ಪಾಲು ಶೃಂಗಾರದ್ದು. ಆ ಶೃಂಗಾರ ಯಾರದು ಎಂಬುದೇ ಮುಖ್ಯ. ಅದು ಅಲಮೇಲುಮಂಗೆ ಮತ್ತು ವೆಂಕಟೇಶನದು. ಕವಿ ಕೆಲವೊಮ್ಮೆ ಸಖಿ, ಕೆಲವೊಮ್ಮೆ ನಾಯಿಕೆ. ಸ್ವಂತ ಮನೆಯ ಸರಸವನ್ನು ಹಾಡಿದವರಲ್ಲ. ಚಿತ್ರದ ಮೊದಲರ್ಧ ಆ ರಸವನ್ನು ತಿಮ್ಮಪ್ಪನ ಗರ್ಭಗುಡಿಯಿಂದ ಎತ್ತಿ ಯುವಕನೊಬ್ಬನ ಹಿತ್ತಲಿಗೆ ತಂದಿಟ್ಟಿತು. ತಪ್ಪು ಶೃಂಗಾರದ ಪ್ರಮಾಣದಲ್ಲಿಲ್ಲ, ಅದನ್ನು ಕೂರಿಸಿದ ಜಾಗದಲ್ಲಿದೆ.

ರಾಜ ಸೆರೆಗೆ ಹಾಕಿದ ಪ್ರಸಂಗ ನಡೆದದ್ದೇ?

ಮೊಮ್ಮಗ ಬರೆದ ಚರಿತ್ರೆಯಲ್ಲಿ ಇದೆ, ಮತ್ತು ಅಲ್ಲಿ ಅದು ಸಿನಿಮಾಕ್ಕಿಂತ ಹರಿತವಾಗಿದೆ. ಸಾಳುವ ನರಸಿಂಹ ಇನ್ನೂ ವಿಜಯನಗರದ ಸಿಂಹಾಸನ ಏರಿರಲಿಲ್ಲ. ಅವನು ಏರಿದ್ದು 1485ರಲ್ಲಿ. ಆಸ್ಥಾನಕ್ಕೆ ಕರೆಸಿಕೊಂಡ ಅನ್ನಮಾಚಾರ್ಯರ ಬಾಯಲ್ಲಿ ಅವನು ‘ಏಮೊಕೊ ಚಿಗುರುಟಧರಮುನ’ ಪದವನ್ನು ಕೇಳುತ್ತಾನೆ. ಬೆಳಗಿನ ಹೊತ್ತು ದೇವಿಯನ್ನು ಕಂಡ ಸಖಿಯರ ಮಾತು ಅದು. ಚಿಗುರಿನಂಥ ತುಟಿಯ ಮೇಲೆ ಅಲ್ಲಲ್ಲಿ ಕಸ್ತೂರಿ ಅಂಟಿದೆಯಲ್ಲ, ಅದು ನಲ್ಲನಿಗೆ ಬರೆದ ಓಲೆಯೋ ಏನೋ? ಚಕೋರದ ಕಣ್ಣವಳ ಕಡೆಗಣ್ಣು ಕೆಂಪಾಗಿದೆಯಲ್ಲ, ಪ್ರಾಣೇಶ್ವರನ ಮೇಲೆ ನಾಟಿದ ನೋಟಗಳನ್ನು ಕಿತ್ತು ತೆಗೆದಾಗ ಹತ್ತಿದ ನೆತ್ತರಲ್ಲ ತಾನೆ? ಕೇಳಿ ಮೈಮರೆತ ರಾಜ, ಇಂಥದೇ ಒಂದನ್ನು ನನ್ನ ಮೇಲೆ ಕಟ್ಟು ಎನ್ನುತ್ತಾನೆ.

ಅವನು ಹೊಗಳಿಕೆಯ ಪದ್ಯ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ದೇವರ ಮಲಗುವ ಮನೆಯ ಹಾಡಿನಲ್ಲಿ ದೇವರನ್ನು ಎಬ್ಬಿಸಿ ತಾನು ಮಲಗಬೇಕೆಂದ. ಕವಿ ಕಿವಿ ಮುಚ್ಚಿಕೊಂಡು, ಹರಿಯನ್ನು ಹಾಡುವ ನಾಲಿಗೆ ನಿನ್ನನ್ನು ಹಾಡದು ಎಂದುಬಿಟ್ಟರು. ಸಂಕೋಲೆ ಬಿತ್ತು. ಸೆರೆಮನೆಯಲ್ಲಿ ‘ಆಕಟಿವೇಳಲ’ ಎಂಬ ಪದ ಹಾಡಿದಾಗ ಸಂಕೋಲೆ ಕಳಚಿತು ಎನ್ನುತ್ತದೆ ಚರಿತ್ರೆ. ಹಸಿದಾಗ, ಬಳಲಿದಾಗ, ಸೆರೆಸಿಕ್ಕಾಗ ಹರಿನಾಮವೊಂದೇ ದಿಕ್ಕು ಎಂಬುದು ಆ ಪದದ ಒಕ್ಕಣೆ. ಸಿನಿಮಾದಲ್ಲಿ ಮೋಹನ್ ಬಾಬು ಅವರ ಗತ್ತು ಈ ಭಾಗವನ್ನು ಹೊತ್ತು ನಿಲ್ಲುತ್ತದೆ.

ಚಿತ್ರದ ಹಾಡುಗಳೆಲ್ಲ ಅನ್ನಮಾಚಾರ್ಯರವೇ?

ಎಲ್ಲವೂ ಅಲ್ಲ. ‘ವಿನ್ನಪಾಲು ವಿನವಲೆ’, ‘ಅದಿವೊ ಅಲ್ಲದಿವೊ’, ‘ಪೊಡಗಂಟಿಮಯ್ಯ’, ‘ಕೊಂಡಲಲೋ ನೆಲಕೊನ್ನ’, ‘ಬ್ರಹ್ಮಮೊಕ್ಕಟೇ’, ‘ಅಂತರ್ಯಾಮಿ’ ಮುಂತಾದವು ಅವರದೇ. ರಾಜ–ರಾಣಿಯರ ‘ಅಸ್ಮದೀಯ’ ಈ ಕಾಲದ ಕವಿ ವೇಟೂರಿ ಸುಂದರರಾಮಮೂರ್ತಿ ಅವರದು. ‘ಏಲೇ ಏಲೇ ಮರದಲಾ’ ಎರಡರ ನಡುವೆ ಇದೆ. ಪಲ್ಲವಿಯ ಎಳೆ ಅನ್ನಮಾಚಾರ್ಯರದು, ಬಾವ–ನಾದಿನಿಯರ ಸರಸದ ಸಂವಾದ ಮೂಲದಲ್ಲೂ ಇದೆ. ಸಿನಿಮಾದವರು ಅದನ್ನು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡಿದ್ದಾರೆ.

ಹಾಗಾದರೆ ರಾಗ, ಧಾಟಿ?

ತಾಮ್ರದ ಹಾಳೆಗಳಲ್ಲಿ ಪ್ರತಿ ಪದದ ನೆತ್ತಿಯ ಮೇಲೆ ರಾಗದ ಹೆಸರು ಕೊರೆದಿದೆ, ಸ್ವರ ಇಲ್ಲ. ಹಾಡುಗಾರಿಕೆ ನಡುವೆ ಕಡಿದುಹೋದ್ದರಿಂದ ಮೂಲದ ಧಾಟಿ ಬಹುಪಾಲು ನಮಗೆ ದಕ್ಕಿಲ್ಲ. ಇಂದು ನಾವು ಕೇಳುವ ಅನ್ನಮಾಚಾರ್ಯ ಕೃತಿಗಳು 20ನೇ ಶತಮಾನದಲ್ಲಿ ಸಂಗೀತ ಹೊಂದಿಸಿದಂಥವು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮ, ನೇದುನೂರಿ ಕೃಷ್ಣಮೂರ್ತಿ, ಗರಿಮೆಳ್ಳ ಬಾಲಕೃಷ್ಣ ಪ್ರಸಾದ್ ಮುಂತಾದವರ ದುಡಿಮೆ ಅದರ ಹಿಂದಿದೆ. ಆ ಸಾಲಿನಲ್ಲಿ ಸಿನಿಮಾದ ಕಡೆಯಿಂದ ಬಂದವರು ಕೀರವಾಣಿ. ಹೀಗಾಗಿ ‘ಸಿನಿಮಾದವರು ಮೂಲ ರಾಗ ಕೆಡಿಸಿದರು’ ಎಂಬ ದೂರು ನಿಲ್ಲುವುದಿಲ್ಲ.

ಇದರಲ್ಲಿ ಮೈಸೂರಿನ ಪಾತ್ರ ಇದೆಯೆಂದು ಕೇಳಿದ್ದೇವೆ, ಹೌದೇ?

ಹೌದು, ಮತ್ತು ಅದು ದೊಡ್ಡದೇ. ತಿರುಮಲದ ದೇವಾಲಯದಲ್ಲಿ ಸಂಕೀರ್ತನ ಭಂಡಾರ ಎಂಬ ಸಣ್ಣ ಕಲ್ಲಿನ ಕೋಣೆಯಿದೆ. ಮಗ ಪೆದ್ದ ತಿರುಮಲಾಚಾರ್ಯರು ಕೊರೆಸಿದ ಎರಡು ಸಾವಿರಕ್ಕೂ ಹೆಚ್ಚು ತಾಮ್ರದ ಹಾಳೆಗಳು ಶತಮಾನಗಳ ಕಾಲ ಅಲ್ಲಿ ಬಿದ್ದಿದ್ದವು. 20ನೇ ಶತಮಾನದ ಮೊದಲ ಭಾಗದಲ್ಲಿ ಅವು ವಿದ್ವಾಂಸರ ಕೈಗೆ ಬಂದವು. ಪಾಠ ಶೋಧಿಸಿ ಅಚ್ಚು ಹಾಕಿಸಿದವರಲ್ಲಿ ವೇಟೂರಿ ಪ್ರಭಾಕರ ಶಾಸ್ತ್ರಿ ಮುಖ್ಯರು. ಅವರ ನಂತರ ಆ ಕೆಲಸ ಹೊತ್ತು, ನೂರಾರು ಪದಗಳಿಗೆ ಸ್ವರ ಹಾಕಿದವರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮ.

ಶರ್ಮರು ಅನಂತಪುರ ಜಿಲ್ಲೆಯವರು, ಆದರೆ ಬದುಕಿನ ಬಹುಭಾಗ ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮೂರು ದಶಕಕ್ಕೂ ಮೀರಿ ತೆಲುಗು ಪಾಠ ಹೇಳಿದರು, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು, ಕನ್ನಡದಲ್ಲಿ ಸಂಗೀತದ ಬಗ್ಗೆ ಬರೆದರು. ನಿವೃತ್ತಿಯ ನಂತರ ತಿರುಪತಿಗೆ ಹೋಗಿ ಈ ಹಾಳೆಗಳ ಮುಂದೆ ಕುಳಿತರು. ಮೈಸೂರಿನ ಸಂಗೀತದಲ್ಲಿ ಹದಗೊಂಡ ಕಿವಿಯೇ ಮುಂದೆ ಅನ್ನಮಾಚಾರ್ಯರ ಎಷ್ಟೋ ಪದಗಳಿಗೆ ಧಾಟಿ ಕಂಡುಕೊಟ್ಟಿತು. ತಿರುಮಲ ತಿರುಪತಿ ದೇವಸ್ಥಾನದ ಅನ್ನಮಾಚಾರ್ಯ ಯೋಜನೆ ಶುರುವಾದದ್ದು 1978ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಧ್ವನಿಮುದ್ರಿಕೆಗಳು ಬಂದದ್ದೂ ಅದರ ಆಸುಪಾಸಿನಲ್ಲೇ. ಸಿನಿಮಾ ಬರುವ ಹೊತ್ತಿಗೆ ನೆಲ ಹಸನಾಗಿತ್ತು.

ವೆಂಕಟೇಶ್ವರನಿಗೆ ಧ್ವನಿ ಕೊಟ್ಟವರು ಯಾರು?

ಎಸ್.ಪಿ. ಬಾಲಸುಬ್ರಹ್ಮಣ್ಯಂ. ಸುಮನ್ ಪಾತ್ರದ ಮಾತೆಲ್ಲ ಅವರದು. ಅನ್ನಮಯ್ಯನ ಹಾಡುಗಳೂ ಬಹುಪಾಲು ಅವರವೇ. ಅಂದರೆ ಭಕ್ತ ಹಾಡುವ ಕಂಠ ಮತ್ತು ದೇವರು ಮಾತಾಡುವ ಕಂಠ ಒಂದೇ. ಬೇಕೆಂದೇ ಹೀಗೆ ಮಾಡಿದರೋ, ಅನುಕೂಲಕ್ಕೆ ಹೀಗಾಯಿತೋ, ಫಲ ಮಾತ್ರ ಸೊಗಸು. ಕೊನೆಯ ಭಾಗದಲ್ಲಿ ಮುದುಕ ಅನ್ನಮಯ್ಯ ಹಾಡು ನಿಲ್ಲಿಸುತ್ತಾನೆ, ದೇವರು ಮಾತು ಶುರು ಮಾಡುತ್ತಾನೆ, ನಡುವೆ ಕಂಠ ಬದಲಾಗುವುದಿಲ್ಲ. ಈ ಡಬ್ಬಿಂಗ್‌ಗೆ ಅವರಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯೂ ಬಂತು.

ಸುಮನ್ ತುಳುನಾಡಿನ ಮೂಲದವರು ಎಂಬುದು ನಮ್ಮ ಕರಾವಳಿಯವರು ಹೆಮ್ಮೆಯಿಂದ ನೆನೆಯುವ ಸಂಗತಿ. ಕಡಿಮೆ ಚಲನೆ, ಅರ್ಧ ತೆರೆದ ಕಣ್ಣು, ಕಂಡೂ ಕಾಣದ ನಗು. ಮೂರ್ತಿಯೊಂದು ಉಸಿರಾಡಿದಂತೆ ಅವರು ನಟಿಸಿದ್ದಾರೆ.

ಅನ್ನಮಾಚಾರ್ಯರೂ ಪುರಂದರದಾಸರೂ ಭೇಟಿಯಾಗಿದ್ದರೇ?

ಆಗಿದ್ದರು ಎನ್ನುತ್ತದೆ ಮೊಮ್ಮಗನ ಚರಿತ್ರೆ. ಅನ್ನಮಾಚಾರ್ಯರು ದಾಸರಲ್ಲಿ ಪಾಂಡುರಂಗ ವಿಠಲನನ್ನು ಕಂಡರು, ದಾಸರು ಇವರಲ್ಲಿ ವೆಂಕಟೇಶನನ್ನು ಕಂಡರು ಎಂಬ ಪ್ರಸಂಗ ಅದು. ವರ್ಷಗಳನ್ನು ಎದುರು ಬದುರು ಇಟ್ಟರೆ ತೊಡಕು ಬರುತ್ತದೆ. ದಾಸರು ಹುಟ್ಟಿದ್ದು 1484ರಲ್ಲಿ ಎಂಬುದು ರೂಢಿಯ ಲೆಕ್ಕ. 1503ರಲ್ಲಿ ಅನ್ನಮಾಚಾರ್ಯರು ತೀರಿಕೊಂಡಾಗ ಅವರಿಗೆ ಹತ್ತೊಂಬತ್ತು. ಆಗ ಅವರಿನ್ನೂ ದಾಸರಲ್ಲ, ಚಿನಿವಾರರ ಮನೆಯ ಹುಡುಗ. ಎರಡೂ ವರ್ಷ ಸರಿಯಾಗಿದ್ದರೆ ಇಬ್ಬರು ಹರಿದಾಸರ ಭೇಟಿ ಕೂಡಿಬರದು.

ಇದಕ್ಕಿಂತ ನಂಬಬಹುದಾದ ಕೊಂಡಿ ಬೇರೆ ಇದೆ. ಸಾಳುವ ನರಸಿಂಹನ ಕಾಲದಲ್ಲಿ ವ್ಯಾಸರಾಯರು ಹನ್ನೆರಡು ವರ್ಷ ತಿರುಮಲದಲ್ಲಿದ್ದು ಪೂಜೆ ನಡೆಸಿದರು ಎಂಬುದು ಮಾಧ್ವ ಪರಂಪರೆಯ ಮಾತು. ಅದೇ ಹೊತ್ತಿಗೆ ಅನ್ನಮಾಚಾರ್ಯರು ಅದೇ ಬೆಟ್ಟದಲ್ಲಿ ಇಳಿವಯಸ್ಸು ಕಳೆಯುತ್ತಿದ್ದರು. ಆ ವ್ಯಾಸರಾಯರೇ ಮುಂದೆ ಪುರಂದರದಾಸರ ಗುರು. ಅನ್ನಮಾಚಾರ್ಯರ ಪದಗಳು ಕನ್ನಡದ ಕಡೆಗೆ ಹರಿಯಲು ಇದಕ್ಕಿಂತ ಹತ್ತಿರದ ಕಾಲುವೆ ಬೇಕಿಲ್ಲ.

‘ಬ್ರಹ್ಮಮೊಕ್ಕಟೇ’ ಇಷ್ಟು ಜನಪ್ರಿಯವಾದದ್ದು ಸಿನಿಮಾದಿಂದಲೇ?

ಮನೆಮನೆಗೆ ತಲುಪುವುದಕ್ಕೆ ಸಿನಿಮಾ ನೆರವಾಯಿತು, ನಿಜ. ಆದರೆ ಪದದ ಬಲ ಅದರದೇ. ಅರಸನ ನಿದ್ದೆಯೂ ನಿದ್ದೆಯೇ, ಆಳಿನ ನಿದ್ದೆಯೂ ನಿದ್ದೆಯೇ. ಬ್ರಾಹ್ಮಣ ಮೆಟ್ಟುವ ನೆಲವೂ ಚಂಡಾಲನಿರುವ ನೆಲವೂ ಒಂದೇ ಎಂದು ಗರ್ಭಗುಡಿಯ ಹತ್ತಿರದ ಕವಿ 15ನೇ ಶತಮಾನದಲ್ಲಿ ಹೇಳಿದರು. ನಮ್ಮ ಕನಕದಾಸರ ಪಕ್ಕದಲ್ಲಿಟ್ಟು ಓದಬೇಕಾದ ಪದ.

ಹೆಂಡತಿಯರ ಬಗ್ಗೆ ಚಿತ್ರ ಹೇಳದೆ ಬಿಟ್ಟದ್ದೇನು?

ಒಂದು ಮುಖ್ಯ ಸಂಗತಿ. ಹೆಂಡತಿಯರಲ್ಲಿ ಒಬ್ಬಳಾದ ತಿಮ್ಮಕ್ಕ ಕವಯಿತ್ರಿ. ‘ಸುಭದ್ರಾ ಕಲ್ಯಾಣಮು’ ಆಕೆಯ ಕೃತಿ, ತೆಲುಗಿನ ಮೊದಲ ಕವಯಿತ್ರಿ ಎಂದು ಆಕೆಯನ್ನು ಎಣಿಸುವವರಿದ್ದಾರೆ. ಚಿತ್ರದಲ್ಲಿ ಇಬ್ಬರೂ ಪ್ರೇಮ, ಕುಣಿತ, ಕಣ್ಣೀರು ಇವುಗಳಾಚೆ ಹೋಗುವುದಿಲ್ಲ. ಕವಿಯ ಮನೆಯಲ್ಲಿ ಇನ್ನೊಂದು ಲೇಖನಿ ಓಡುತ್ತಿತ್ತು ಎಂಬುದನ್ನು ಒಂದೇ ಒಂದು ದೃಶ್ಯದಲ್ಲಿ ತೋರಿಸಿದ್ದರೂ ಸಾಕಿತ್ತು.

ಕೊನೆಯಲ್ಲಿ ಬರುವ ‘ಅಂತರ್ಯಾಮಿ’ ಮುಪ್ಪಿನ ಹಾಡೇ?

ಚಿತ್ರ ಹಾಗೆ ಬಳಸಿಕೊಂಡಿದೆ. ನಡುಗುವ ಮುದುಕ, ದಣಿದೆ ಸೋತೆ ನೀನೇ ಗತಿ ಎಂದು ಹಾಡುವಾಗ ಕಣ್ಣು ಒದ್ದೆಯಾಗದೆ ಇರುವುದು ಕಷ್ಟ. ಎಸ್.ಪಿ. ಶೈಲಜಾ ಕೂಡ ದನಿಗೂಡಿಸಿದ್ದಾರೆ. ಪದದ ಚರಣಗಳನ್ನು ಓದಿದರೆ ಮಾತ್ರ ದಣಿವು ಮೈಯದಲ್ಲ ಎಂದು ತಿಳಿಯುತ್ತದೆ. ಬಯಕೆಗಳು ಕೊಯ್ಯಲಾಗದ ಕಟ್ಟುಗಳು, ನೀನು ಕಡಿಯದೆ ಅವು ತೀರವು. ಪಾಪಪುಣ್ಯಗಳೆರಡೂ ಭಾರದ ಕಡಿವಾಣಗಳು, ನೀನು ಬೇಡವೆನ್ನದೆ ಅವು ಬಿಡವು ಎನ್ನುತ್ತಾರೆ. ಪುಣ್ಯವೂ ಭಾರ ಎಂದು ದಣಿಯುವುದಕ್ಕೆ ಎಂಬತ್ತು ವರ್ಷ ಆಗಬೇಕಿಲ್ಲ.

ಯಾವ ಪ್ರಶಸ್ತಿಗಳು ಬಂದವು?

ಕೀರವಾಣಿ ಅವರಿಗೆ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ, ನಾಗಾರ್ಜುನ ಅವರಿಗೆ ರಾಷ್ಟ್ರಮಟ್ಟದಲ್ಲಿ ವಿಶೇಷ ಉಲ್ಲೇಖ. ರಾಜ್ಯದ ನಂದಿ ಪ್ರಶಸ್ತಿಗಳಲ್ಲೂ ದೊಡ್ಡ ಪಾಲು ಸಿಕ್ಕಿತು.

ಕನ್ನಡದಲ್ಲಿ ನೋಡಲು ಸಿಗುತ್ತದೆಯೇ?

ಆಗ ಕನ್ನಡಕ್ಕೆ ಡಬ್ಬಿಂಗ್ ನಡೆಯುತ್ತಿರಲಿಲ್ಲ. ಹಿಂದಿಯಲ್ಲಿ ‘ತಿರುಪತಿ ಶ್ರೀ ಬಾಲಾಜಿ’ ಎಂಬ ಹೆಸರಿನ ಡಬ್ಬಿಂಗ್ ಇದೆ, ಆದರೆ ತೆಲುಗಿನಲ್ಲೇ ನೋಡಿ. ಸಂಭಾಷಣೆಯಲ್ಲಿ ಸಂಸ್ಕೃತ ಪದಗಳು ಹೇರಳವಾಗಿವೆ, ಹಾಡುಗಳ ಹಳೆಯ ತೆಲುಗು ಅರ್ಧಕ್ಕರ್ಧ ಕನ್ನಡದ ಕಿವಿಗೆ ಹತ್ತಿರ. ಬಳ್ಳಾರಿ, ಕೋಲಾರದ ಕಡೆಯವರಿಗೆ ಈ ಸಲಹೆಯೇ ಬೇಕಿಲ್ಲ.

ಇದೇ ತಂಡದ ಬೇರೆ ಭಕ್ತಿ ಚಿತ್ರಗಳು ಇವೆಯೇ?

2001ರ ‘ಶ್ರೀ ಮಂಜುನಾಥ’ ಕನ್ನಡಿಗರಿಗೆ ಗೊತ್ತಿರುವುದೇ. ನಿರ್ದೇಶನ ರಾಘವೇಂದ್ರ ರಾವ್, ಕಥೆ ಭಾರವಿ, ಸಂಗೀತ ಮಾತ್ರ ಹಂಸಲೇಖ. 2006ರ ‘ಶ್ರೀ ರಾಮದಾಸು’ವಿನಲ್ಲಿ ನಾಗಾರ್ಜುನ, ರಾಘವೇಂದ್ರ ರಾವ್, ಕೀರವಾಣಿ ಮತ್ತೆ ಸೇರಿದರು.

ತಿರುಮಲಕ್ಕೆ ಹೋದಾಗ ಅನ್ನಮಾಚಾರ್ಯರ ಗುರುತು ಎಲ್ಲಿ ಸಿಗುತ್ತದೆ?

ಅಲಿಪಿರಿಯಿಂದ ನಡೆದು ಹತ್ತುವವರಿಗೆ ಕೊನೆಕೊನೆಗೆ ಮೊಣಕಾಲು ಹಿಡಿದುಕೊಳ್ಳುವ ಕಡಿದಾದ ಮೆಟ್ಟಿಲುಗಳು ಸಿಗುತ್ತವೆ, ಮೋಕಾಳ್ಳ ಮೆಟ್ಟು ಎನ್ನುತ್ತಾರೆ. ಹುಡುಗ ಹಸಿದು ಮಲಗಿದ್ದು ಅಲ್ಲೇ ಎಂಬುದು ನಂಬಿಕೆ. ದೇವಾಲಯದೊಳಗೆ ಸಂಕೀರ್ತನ ಭಂಡಾರದ ಕೋಣೆಯ ಎರಡೂ ಪಕ್ಕ ಕಲ್ಲಿನಲ್ಲಿ ಕೊರೆದ ಅಪ್ಪ–ಮಗನ ಮೂರ್ತಿಗಳಿವೆ. ಸರತಿಯ ನೂಕುನುಗ್ಗಲಿನಲ್ಲಿ ಅತ್ತ ತಿರುಗಿ ನೋಡಲು ಸಿಗುವುದು ಅರೆಗಳಿಗೆ ಅಷ್ಟೆ. ಕಲ್ಯಾಣೋತ್ಸವಕ್ಕೆ ಕುಳಿತರೆ, ದೇವಿಯ ಕಡೆಯ ಹೆಣ್ಣು ಕೊಡುವ ಮನೆಯವರಾಗಿ ಇಂದಿಗೂ ತಾಳ್ಳಪಾಕ ವಂಶದವರೇ ನಿಂತಿರುತ್ತಾರೆ. ರಾತ್ರಿ ಏಕಾಂತ ಸೇವೆಯಲ್ಲಿ ಲಾಲಿ ಹಾಡುವ ಹಕ್ಕೂ ಆ ಮನೆಯದೇ.

ತಾಳ್ಳಪಾಕಕ್ಕೇ ಹೋಗಬೇಕೆನ್ನುವವರು ರಾಜಂಪೇಟೆಯ ದಾರಿ ಹಿಡಿಯಬೇಕು. ಹೆದ್ದಾರಿಯ ಪಕ್ಕ 108 ಅಡಿ ಎತ್ತರದ ಅನ್ನಮಾಚಾರ್ಯರ ವಿಗ್ರಹ ದೂರದಿಂದಲೇ ಕಾಣುತ್ತದೆ. ಊರೊಳಗಿನ ಚೆನ್ನಕೇಶವನ ಗುಡಿ ಅದಕ್ಕಿಂತ ತುಂಬ ಚಿಕ್ಕದು, ಅದನ್ನು ಬಿಟ್ಟು ಬರಬೇಡಿ.